ಬಾಲಪ್ರತಿಭೆ ಬಾಯಿ ತೆರೆದಾಗ

'ಬಾಲಪ್ರತಿಭೆ' ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹತ್ತು ವರ್ಷದ ಹುಡುಗಿ ವೇದಿಕೆ ಹತ್ತಿ ಹಾಡಿದರೆ ಊರೆಲ್ಲ ಚಪ್ಪಾಳೆ. ಅವಳೇ ಇಪ್ಪತ್ತೈದಕ್ಕೆ ಬಂದು 'ನನಗೆ ಸರಿಯಾದ ಸಂಭಾವನೆ ಕೊಡಿ' ಎಂದಳೋ, 'ಎಷ್ಟು ಜಂಬ ನೋಡ್ರೀ ಇವಳಿಗೆ!' ಎನ್ನುವವರೂ ಅವರೇ. ಇದು ನಮ್ಮೂರಿನ ರೋಗ ಮಾತ್ರವಲ್ಲ. ಅಮೆರಿಕದ ಜಾಝ್ ಪಿಯಾನೋ ವಾದಕಿ ಹೇಜಲ್ ಸ್ಕಾಟ್ ಬದುಕನ್ನು ನೋಡಿ.

ಹೇಜಲ್ ಹುಟ್ಟಿದ್ದು 1920ರಲ್ಲಿ, ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನ್‌ನಲ್ಲಿ. ನಾಲ್ಕು ವರ್ಷದವಳಿದ್ದಾಗ ನ್ಯೂಯಾರ್ಕಿಗೆ ಬಂದಳು. ತಾಯಿ ಆಲ್ಮಾ ಪಿಯಾನೋ ಕಲಿತವಳು. ಅಲ್ಲಿ ಹೊಟ್ಟೆಪಾಡಿಗೆ ಮನೆಗೆಲಸಕ್ಕೆ ಹೋದಳು, ಆಮೇಲೆ ಸ್ಯಾಕ್ಸೋಫೋನ್ ಕಲಿತು ಹೆಂಗಸರ ವಾದ್ಯವೃಂದಗಳಲ್ಲಿ ನುಡಿಸಿದಳು. (ಈ ತಾಯಿಗೆ ಪದಕ ಕೊಡುವವರು ಯಾರು?) ಎಂಟನೆಯ ವಯಸ್ಸಿಗೆ ಮಗಳು ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ರಾಖ್ಮನಿನೋವ್‌ನ ಕೃತಿಯೊಂದನ್ನು ನುಡಿಸಿ ತೋರಿಸಿದಳು. ದೊಡ್ಡವರ ಹಸ್ತವೇ ಚಾಚಬೇಕಾದ ಸ್ವರಗಳು ಪುಟ್ಟ ಕೈಗೆ ಎಟುಕಬೇಕಲ್ಲ! ತನ್ನ ಬೆರಳಿಗೆ ಸಿಗುವ ಸ್ವರಗಳನ್ನು ಅಲ್ಲಿ ಕೂರಿಸಿಕೊಂಡು ನುಡಿಸಿಬಿಟ್ಟಳು. ಪ್ರವೇಶಕ್ಕೆ ಹದಿನಾರು ತುಂಬಿರಬೇಕಿತ್ತು. ಆದರೂ ಪ್ರಾಧ್ಯಾಪಕರೊಬ್ಬರು ಪ್ರತ್ಯೇಕವಾಗಿ ಕಲಿಸಲು ಒಪ್ಪಿದರು.

ಕಥೆ ಇಲ್ಲಿಗೇ ನಿಂತರೆ ಎಲ್ಲರಿಗೂ ಹಿತ. ಆದರೆ ಹುಡುಗಿ ಬೆಳೆದಳು.

1939ರಿಂದ ನ್ಯೂಯಾರ್ಕಿನ ಕೆಫೆ ಸೊಸೈಟಿ ಕ್ಲಬ್ಬಿನಲ್ಲಿ ಶಾಸ್ತ್ರೀಯ ಕೃತಿಗಳನ್ನು ಜಾಝ್ ಲಯಕ್ಕೆ ಹೊರಳಿಸಿ ಹೆಸರು ಮಾಡಿದಳು. ಹಾಲಿವುಡ್ ಕರೆಯಿತು. ಕಪ್ಪು ಹೆಂಗಸಿಗೆ ಅಲ್ಲಿ ಮೀಸಲಾಗಿದ್ದದ್ದು ಹೆಚ್ಚಾಗಿ ಕೆಲಸದವಳ ಪಾತ್ರ. ಹೇಜಲ್ ಒಲ್ಲೆ ಎಂದಳು. 1943ರ 'ದಿ ಹೀಟ್ಸ್ ಆನ್' ಚಿತ್ರದಲ್ಲಿ ಎರಡು ಪಿಯಾನೋಗಳನ್ನು ಒಟ್ಟಿಗೇ ನುಡಿಸಿದ್ದಾಳೆ. ಎಲ್ಲರೂ ಹೊಗಳುವುದು ಅದನ್ನೇ. ನನಗೆ ದೊಡ್ಡದೆನಿಸುವುದು ಅದೇ ಚಿತ್ರದ ಇನ್ನೊಂದು ಸಂಗತಿ. ಯುದ್ಧಕ್ಕೆ ಹೊರಟ ಸೈನಿಕರನ್ನು ಬೀಳ್ಕೊಡುವ ಕಪ್ಪು ಹೆಂಗಸರಿಗೆ ಕೊಳಕು ಏಪ್ರನ್ ತೊಡಿಸಲು ಹೊರಟಾಗ, ಆಕೆ ಮೂರು ದಿನ ಕೆಲಸ ನಿಲ್ಲಿಸಿದಳು. ಏಪ್ರನ್ ಹೋಯಿತು. ಕೆಲವೇ ವರ್ಷಗಳಲ್ಲಿ ಚಿತ್ರಗಳೂ ಹೋದವು.

ಕಪ್ಪು ಜನರನ್ನು ಬೇರೆ ಕೂರಿಸುವ ಸಭೆಯಲ್ಲಿ ನುಡಿಸುವುದಿಲ್ಲವೆಂದು ಕರಾರಿನಲ್ಲೇ ಬರೆಸುತ್ತಿದ್ದಳು. ಪಿಯಾನೋ ನುಡಿಸುವವಳಿಗೆ ಈ ಉಸಾಬರಿ ಯಾಕೆ ಎನ್ನುತ್ತೀರಾ? ಬೇರೆ ಕೂರಿಸುವವರ ಉಸಾಬರಿಯನ್ನು ಯಾಕೆ ಕೇಳುವುದಿಲ್ಲ ಸ್ವಾಮಿ?

1950ರ ಜುಲೈನಲ್ಲಿ ಡ್ಯೂಮಾಂಟ್ ಟಿವಿ ಜಾಲದಲ್ಲಿ ಅವಳ ಹೆಸರಿನದೇ ಕಾರ್ಯಕ್ರಮ ಶುರುವಾಯಿತು. ಅಮೆರಿಕದಲ್ಲಿ ಕಪ್ಪು ಹೆಣ್ಣೊಬ್ಬಳಿಗೆ ಅಂಥದು ಸಿಗುವುದು ಆಗ ತೀರಾ ಅಪರೂಪ. ಆದರೆ ಜೂನ್‌ನಲ್ಲೇ, ಕಮ್ಯುನಿಸ್ಟರ ನಂಟಿನ ಶಂಕಿತರನ್ನು ಪಟ್ಟಿ ಮಾಡಿದ 'ರೆಡ್ ಚಾನೆಲ್ಸ್' ಎಂಬ ಪುಸ್ತಿಕೆಯಲ್ಲಿ ಅವಳ ಹೆಸರು ಅಚ್ಚಾಗಿತ್ತು. ಬಾಯಿ ಮುಚ್ಚಿ ಕೂರುವ ಜಾಯಮಾನವೇ ಅಲ್ಲ. ಸೆಪ್ಟೆಂಬರ್ 22ರಂದು ತಾನಾಗಿಯೇ ಸಂಸತ್ತಿನ ವಿಚಾರಣಾ ಸಮಿತಿಯೆದುರು ಹೋಗಿ ಆಪಾದನೆಯನ್ನು ತಳ್ಳಿಹಾಕಿದಳು. ಇಂಥ ಪಟ್ಟಿಗಳನ್ನೂ ಖಂಡಿಸಿದಳು. ಒಂದೇ ವಾರಕ್ಕೆ ಕಾರ್ಯಕ್ರಮ ರದ್ದು! ಗಂಡ ಆಡಮ್ ಕ್ಲೇಟನ್ ಪೊವೆಲ್ ಸಂಸತ್ ಸದಸ್ಯನಾಗಿದ್ದದ್ದೂ ಉಪಯೋಗಕ್ಕೆ ಬರಲಿಲ್ಲ.

1955ರಲ್ಲಿ ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಜೊತೆ 'ರಿಲ್ಯಾಕ್ಸ್ಡ್ ಪಿಯಾನೋ ಮೂಡ್ಸ್' ಎಂಬ ಧ್ವನಿಮುದ್ರಿಕೆ ಬಂತು. ಚಮತ್ಕಾರವಿಲ್ಲ, ಎರಡೆರಡು ಪಿಯಾನೋ ಇಲ್ಲ. ಮೂವತ್ತು ದಾಟಿದ ಹೆಂಗಸೊಬ್ಬಳು ಯಾರನ್ನೂ ಮೆಚ್ಚಿಸುವ ಗೊಡವೆಯಿಲ್ಲದೆ ನುಡಿಸುತ್ತಾಳೆ. ಮುಂದೆ ಪ್ಯಾರಿಸ್ಸಿಗೆ ಹೋಗಿ ನೆಲೆಸಿದಳು. 1967ರಲ್ಲಿ ತಿರುಗಿ ಬಂದಾಗ ಕಾಲ ಬದಲಾಗಿತ್ತು, ಸಂಗೀತದ ರುಚಿಯೂ ಬದಲಾಗಿತ್ತು. ಆದರೂ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ನುಡಿಸುತ್ತಲೇ ಇದ್ದಳು, 1981ರಲ್ಲಿ ತೀರಿಕೊಳ್ಳುವ ವರ್ಷದವರೆಗೂ.