ಸ್ಕಾಟ್ಲೆಂಡಿನ ಕಾಡಿಗೆ ಲಿಂಕ್ಸ್ ಮರಳಬೇಕೇ?

ಕಿವಿಯ ತುದಿಗೆ ಕಪ್ಪು ಕುಚ್ಚು, ಮೋಟು ಬಾಲ. ಬೆಕ್ಕಿನ ಜಾತಿಯ ಲಿಂಕ್ಸ್ ಎಂಬ ಈ ಪ್ರಾಣಿ ನಮ್ಮ ಲಡಾಖಿನಲ್ಲಿ ಇಂದಿಗೂ ಇದೆ. ಸ್ಕಾಟ್ಲೆಂಡಿನಲ್ಲಿ ಅಳಿದು ಶತಮಾನಗಳೇ ಆದವು. 2025ರ ಜನವರಿಯಲ್ಲಿ ಯಾರೋ ಕದ್ದುಮುಚ್ಚಿ ನಾಲ್ಕು ಲಿಂಕ್ಸ್‌ಗಳನ್ನು ಕೇರ್ನ್‌ಗಾರ್ಮ್ಸ್ ಬೆಟ್ಟಸೀಮೆಯಲ್ಲಿ ಬಿಟ್ಟರು. ಕೆಲವೇ ದಿನಗಳಲ್ಲಿ ನಾಲ್ಕನ್ನೂ ಹಿಡಿಯಲಾಯಿತು, ಒಂದು ಸತ್ತಿತು. ಹಳೆಯ ಪ್ರಶ್ನೆ ಮತ್ತೆ ಎದ್ದಿತು.

ಪರ: ಕಾಡಿಗೆ ಕಾವಲುಗಾರ ಬೇಕು

ಸ್ಕಾಟ್ಲೆಂಡಿನ ಬೆಟ್ಟನಾಡಾದ ಹೈಲ್ಯಾಂಡ್ಸ್‌ನ ಹಳೆಯ ಪೈನ್ ಕಾಡು ಈಗ ಅಲ್ಲೊಂದು ಇಲ್ಲೊಂದು ತುಣುಕಾಗಿ ಉಳಿದಿದೆ. ಬೀಜ ಬೀಳುತ್ತದೆ, ಮೊಳಕೆಯೂ ಒಡೆಯುತ್ತದೆ. ಆದರೆ ಸಸಿ ಮೊಣಕಾಲೆತ್ತರಕ್ಕೆ ಬರುವ ಮೊದಲೇ ಜಿಂಕೆಯ ಬಾಯಿಗೆ ಬೀಳುತ್ತದೆ. ಇಡೀ ಸ್ಕಾಟ್ಲೆಂಡಿನಲ್ಲಿ ಸುಮಾರು 10 ಲಕ್ಷ ಜಿಂಕೆಗಳಿರಬಹುದೆಂಬ ಅಂದಾಜಿದೆ. ಅವನ್ನು ಬೇಟೆಯಾಡುತ್ತಿದ್ದ ತೋಳ, ಲಿಂಕ್ಸ್ ಎರಡನ್ನೂ ಮುಗಿಸಿದವನು ಮನುಷ್ಯ. ಬಂದೂಕು ಜಿಂಕೆಯ ಸಂಖ್ಯೆಯನ್ನು ಇಳಿಸೀತು. ಹೊಂಚುಹಾಕುವ ಬೆಕ್ಕಿನಂತೆ ಹಗಲಿರುಳು ಜಿಂಕೆಯನ್ನು ಕಾಡಿನೊಳಗೆ ಕದಲಿಸುತ್ತಿರಲಾರದು.

ಹೋದದ್ದನ್ನು ಮರಳಿ ತಂದ ಅನುಭವವೂ ಆ ದೇಶಕ್ಕಿದೆ. ಕಡಲ ಹದ್ದಿನ ಕೊನೆಯ ಹಕ್ಕಿ 1918ರಲ್ಲಿ ಗುಂಡಿಗೆ ಬಲಿಯಾಗಿತ್ತು. 1975ರಿಂದ ನಾರ್ವೆಯ ಮರಿಗಳನ್ನು ರಮ್ ದ್ವೀಪಕ್ಕೆ ತಂದು ಬಿಟ್ಟರು. ಈಗ ಪಶ್ಚಿಮ ಕರಾವಳಿಯಲ್ಲಿ ಅವುಗಳ ಗೂಡುಗಳಿವೆ. 2009ರಲ್ಲಿ ನ್ಯಾಪ್‌ಡೇಲ್‌ಗೆ ಬಂದ ಬೀವರ್‌ಗೆ 2019ರಲ್ಲಿ ಕಾನೂನಿನ ರಕ್ಷಣೆಯೂ ದೊರೆಯಿತು. ಮರಳಿ ತಂದ ಲಿಂಕ್ಸ್‌ಗಳು ಸ್ವಿಟ್ಜರ್‌ಲೆಂಡಿನಲ್ಲಿ, ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಮನುಷ್ಯರ ನಡುವೆಯೇ ಬದುಕಿವೆ. ಮನುಷ್ಯನ ವಾಸನೆ ಬಂದರೆ ದೂರ ಸರಿಯುವ ಪ್ರಾಣಿಗೆ ಅಂಜಿ, ನಾವೇ ಖಾಲಿ ಮಾಡಿದ ಜಾಗವನ್ನು ಖಾಲಿಯೇ ಬಿಡುವುದು ನ್ಯಾಯವೇ?

ವಿರೋಧ: ಬೆಲೆ ತೆರುವವರನ್ನು ಕೇಳಿ

ಜಿಂಕೆಗಳೆಲ್ಲ ಒಂದೇ ಎಂಬಂತೆ ಮಾತಾಡುವುದೇ ಮೊದಲ ತಪ್ಪು. ಲಿಂಕ್ಸ್‌ನ ಮುಖ್ಯ ಆಹಾರ ಮರಗಳ ಮರೆಯಲ್ಲಿ ಬದುಕುವ ಪುಟ್ಟ ರೋ ಜಿಂಕೆ. ಬಯಲು ಬೆಟ್ಟದಲ್ಲಿ ಹಿಂಡುಹಿಂಡಾಗಿ ಮೇಯುವ ದೊಡ್ಡ ಕೆಂಪು ಜಿಂಕೆಗೆ ಆಮೇಲೂ ಬಂದೂಕೇ ಬೇಕು.

ಇನ್ನು ಕುರಿ. ಬೇಸಿಗೆಯಲ್ಲಿ ಕುರಿಗಳನ್ನು ಕಾಡಿಗೆ ಬಿಡುವ ನಾರ್ವೆಯಲ್ಲಿ ಲಿಂಕ್ಸ್ ಕುರಿಗಳನ್ನು ಕೊಲ್ಲುತ್ತದೆ, ಸರ್ಕಾರ ಪರಿಹಾರ ಕೊಡುತ್ತದೆ. ಆದರೆ ಹಣದಿಂದ ಎಲ್ಲವೂ ತುಂಬಿಬರುವುದಿಲ್ಲ. ಸ್ಕಾಟ್ಲೆಂಡಿನ ಬೇಲಿಯಿಲ್ಲದ ಬೆಟ್ಟಗಳಲ್ಲಿ ಕುರಿ ತನ್ನ ಮೇವಿನ ಎಲ್ಲೆಯನ್ನು ತಾಯಿಯ ಹಿಂದೆ ಅಲೆದು ಕಲಿಯುತ್ತದೆ. ಅಂಥದ್ದು ಸತ್ತರೆ, ಸಂತೆಯಿಂದ ತಂದ ಕುರಿಗೆ ಆ ಎಲ್ಲೆ ಗೊತ್ತಿರುವುದಿಲ್ಲ. ಗೆಲುವೆಂದು ಹೇಳುವ ಆ ಕಡಲ ಹದ್ದೇ ಪಶ್ಚಿಮ ಕರಾವಳಿಯಲ್ಲಿ ಕುರಿಮರಿಗಳನ್ನು ಎತ್ತಿಕೊಂಡು ಹೋಗುತ್ತಿದೆ ಎಂಬ ದೂರು ಇನ್ನೂ ನಿಂತಿಲ್ಲ.

ಬೆರಳೆಣಿಕೆಯ ಪ್ರಾಣಿಗಳನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ಸ್ಲೊವೇನಿಯಾವನ್ನು ನೋಡಿ. 1973ರಲ್ಲಿ ಅಲ್ಲಿ ಬಿಟ್ಟದ್ದು ಆರೇ ಲಿಂಕ್ಸ್. ಮುಂದೆ ರಕ್ತಸಂಬಂಧದೊಳಗೇ ಸಂತಾನ ಬೆಳೆದು ತಳಿ ಸೊರಗಿತು. ಕಡೆಗೆ ರುಮೇನಿಯಾ, ಸ್ಲೊವಾಕಿಯಾಗಳಿಂದ ಹೊಸ ರಕ್ತ ತರಬೇಕಾಯಿತು. ಈಗಿರುವ ಜೀವಿಗಳೇ ಸಂಕಟದಲ್ಲಿವೆ: ಸ್ಕಾಟ್ಲೆಂಡಿನಲ್ಲಿ ಕ್ಯಾಪರ್‌ಕೇಲಿ ಎಂಬ ಕಾಡುಕೋಳಿ ಉಳಿದಿರುವುದೇ 500ರ ಆಸುಪಾಸು. ಅಳಿವಿನಂಚಿನ ಅಲ್ಲಿನ ಕಾಡುಬೆಕ್ಕನ್ನು 2023ರಿಂದ ಕೇರ್ನ್‌ಗಾರ್ಮ್ಸ್‌ನಲ್ಲಿ ಬಿಡುತ್ತಿದ್ದಾರೆ. ಮೊದಲು ಇವು ನೆಲೆ ನಿಲ್ಲಲಿ.

ಹಿಂದೆ ಲಿಂಕ್ಸ್ ಅಳಿದದ್ದು ಮನುಷ್ಯನ ಕೈಯಿಂದ ಎನ್ನುತ್ತೀರಿ, ನಿಜ. ಹಾಗಿದ್ದರೆ ಅದು ಮುಂದೆ ಉಳಿಯಬೇಕಾದದ್ದೂ ಅದೇ ಮನುಷ್ಯನ ಒಪ್ಪಿಗೆಯಿಂದ. ಆ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.