ಮಕ್ಕಳಿಗಿರಲಿ ಸಂಜೆಯ ಅಂಗಳ

ವ್ಯಾಪಾರದ ಮನೆಗಳಲ್ಲಿ ಸಂಜೆಯೆಂದರೆ ಗಿರಾಕಿಗಳ ಹೊತ್ತು. ತಂದೆ ಅಂಗಡಿಯಲ್ಲಿ, ತಾಯಿ ಅಡಿಗೆಮನೆಯಲ್ಲಿ. ಅದೇ ಹೊತ್ತಿಗೆ ಶಾಲೆ ಬಿಟ್ಟು ಬಂದ ಮಕ್ಕಳು ಚೀಲವನ್ನು ಮೂಲೆಗೆಸೆದು ಅಂಗಳಕ್ಕೆ ಓಡುತ್ತಾರೆ. ಕೂತಲ್ಲಿ ಕೂರದ ಮಗುವನ್ನು ಗದರಿಸಿ ಒಳಗೆ ಕೂರಿಸುವುದು, ಇಲ್ಲವೇ ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸುವುದು ನಮ್ಮಲ್ಲಿ ಹಲವರಿಗೆ ಸುಲಭದ ದಾರಿಯಾಗಿದೆ. ಆದರೆ ಓಡಾಟ ಎಳೆಯರ ತಪ್ಪಲ್ಲ. ಅದು ಅವರ ಅಗತ್ಯ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿತು. ಹೊರಗಿನ ಬೆಳಕು ಕಣ್ಣಿಗೂ ಒಳ್ಳೆಯದು. ಚೀನಾದ ಗುವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. 3 ವರ್ಷಗಳ ಬಳಿಕ ನೋಡಿದಾಗ ಅವರಲ್ಲಿ ಹೊಸದಾಗಿ ಸಮೀಪದೃಷ್ಟಿ ದೋಷ ಬಂದವರು ನೂರಕ್ಕೆ 30ರಷ್ಟು; ಉಳಿದ ಶಾಲೆಗಳಲ್ಲಿ 40ರಷ್ಟು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ನಮ್ಮ ಮನೆಗಳಲ್ಲಿ ಆಟಕ್ಕೂ ಊಟಕ್ಕೂ ತಾಕಲಾಟವಿದೆ. ಕಾಸರಗೋಡು, ಮಂಜೇಶ್ವರದ ಕಡೆ ಜುಲೈಯಲ್ಲಿ ಸೂರ್ಯ ಮುಳುಗುವಾಗ ಹೆಚ್ಚುಕಡಿಮೆ 7 ಗಂಟೆ. ನವೆಂಬರ್ ಕೊನೆಗೆ 6 ಗಂಟೆಗೇ ಅಸ್ತಮಾನ. ಹಾಗಾಗಿ ಮಗು ಬಂದೊಡನೆ ಲಘು ಉಪಾಹಾರ, ಆಮೇಲೆ ಆಟ, ಅಸ್ತಮಾನಕ್ಕೆ ಮುಕ್ಕಾಲು ಗಂಟೆ ಮೊದಲು ಕರೆ, ಕೈಕಾಲು ತೊಳೆದು ಊಟ ಎಂಬ ಕ್ರಮವಿರಲಿ. ಟ್ಯೂಷನ್, ಮನೆಪಾಠಗಳು ಆ ಬಳಿಕ ಸಾಕು. ಪಾಠ ದೀಪದಡಿಯಲ್ಲೂ ನಡೆದೀತು. ಹಗಲಿನ ಬೆಳಕನ್ನು ರಾತ್ರಿ ತರಲಾಗದು.

ಆಟಕ್ಕೆ ಬಿಡುವುದೆಂದರೆ ಮರೆತುಬಿಡುವುದಲ್ಲ. ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳು ಮಳೆಗಾಲದಲ್ಲಿ ತುಂಬಿ ನಿಲ್ಲುತ್ತವೆ. ಅವುಗಳ ಬದಿ ಗೋಡೆಯಂತೆ ನೇರ; ಬಿದ್ದ ಮಗುವಿಗೆ ಹತ್ತಿಬರಲು ಮೆಟ್ಟಿಲೂ ಇಲ್ಲ, ಹಿಡಿಯಲು ಆಸರೆಯೂ ಇಲ್ಲ. ಕಟ್ಟೆಯಿಲ್ಲದ ಬಾವಿ, ತುಂಬಿದ ತೋಡು, ಕೆರೆಗಳೂ ಅಷ್ಟೇ ಅಪಾಯ. 'ಯಾರಾದರೂ ನೋಡಿಕೊಳ್ಳುತ್ತಾರೆ' ಎಂದು ಬಿಟ್ಟರೆ ಯಾರೂ ನೋಡಿಕೊಳ್ಳುವುದಿಲ್ಲ. ಇಂದು ಅಜ್ಜಿ, ನಾಳೆ ಚಿಕ್ಕಪ್ಪ, ನಾಡಿದ್ದು ನೆರೆಮನೆಯವರು ಎಂದು ಸರದಿ ಗೊತ್ತುಮಾಡಿಕೊಳ್ಳಬೇಕು. ಗುಡುಗು ಕೇಳಿದೊಡನೆ ಮಕ್ಕಳು ಒಳಗೆ ಬರಬೇಕು. ಮಳೆ ಬಿಡದ ಆಟಿ ತಿಂಗಳಿಗೆ ನಮ್ಮ ಹಿರಿಯರ ಚೆನ್ನೆಮಣೆ ಇದ್ದೇ ಇದೆ. 14 ಗುಳಿಗಳಿಗೆ ನಾಲ್ಕು ನಾಲ್ಕರಂತೆ ಕಾಯಿ ಹಂಚಿ ಆಡುತ್ತ ಲೆಕ್ಕವೂ ಕೈವಶವಾಗುತ್ತದೆ.

ಅಂಗಳ ಕಲಿಸುವುದು ಇನ್ನೂ ಎಷ್ಟೋ. ಕಾಸರಗೋಡು ಸಪ್ತಭಾಷೆಗಳ ನಾಡು. ಲಗೋರಿ ಆಡುತ್ತ ಮಗು ತುಳು, ಮಲಯಾಳ, ಬ್ಯಾರಿ, ಕೊಂಕಣಿ ಮಾತುಗಳನ್ನು ತಾನಾಗಿ ಹಿಡಿಯುತ್ತದೆ. ನಾಳೆ ಗಲ್ಲದಲ್ಲಿ ಕೂರುವವನಿಗೆ ಇದಕ್ಕಿಂತ ದೊಡ್ಡ ಬಂಡವಾಳ ಯಾವುದು?

ಅಹಿಂಸೆಯ ಪಾಠಕ್ಕೂ ಅಂಗಳವೇ ತಕ್ಕ ಜಾಗ. ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ನೂಲು ಕಟ್ಟಿ ಎಳೆಯುವ ಮಗುವಿಗೆ ಹೊಡೆದರೆ ಅದು ಕಲಿಯುವುದು ಹಿಂಸೆಯನ್ನೇ. ಬಳಿಯಲ್ಲಿ ಕುಳಿತು, ನೂಲು ಬಿಡಿಸಿ, ಅದು ಹಾರಿಹೋಗುವುದನ್ನು ಮಗುವಿನೊಂದಿಗೆ ನೋಡೋಣ. ಜೀವದಯೆ ಮನಸ್ಸಿಗೆ ಇಳಿಯುವುದು ಹೀಗೆ.

ಅಂಗಡಿಗೆ ರಜೆಯಿರುವ ದಿನ ತಂದೆಯಂದಿರು ಒಂದು ಗಂಟೆ ಬಿಡುವು ಮಾಡಿಕೊಳ್ಳಲಿ. ಮೊದಲು ಮಕ್ಕಳ ಕೈಹಿಡಿದು ಮನೆಯ ಸುತ್ತಲಿನ ಕೋರೆ, ಕೆರೆ, ಬಾವಿಗಳನ್ನೆಲ್ಲ ತೋರಿಸಿ, ಎಲ್ಲಿಯವರೆಗೆ ಹೋಗಬಹುದೆಂದು ಗಡಿ ಹಾಕಿಕೊಡಲಿ. ಆಮೇಲೆ ಅವರೊಡನೆ ಒಂದಾಟ ಆಡಿ ಬರಲಿ.