ಉದ್ದ ವಾಕ್ಯದಲ್ಲಿ ಕ್ರಿಯಾಪದವೆಲ್ಲಿ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಳ್ಳಿಗಳಿಂದ ಬಂದ ನಮ್ಮಲ್ಲಿ ಬಹುಮಂದಿ, ತಮ್ಮ ಮನೆತನದಲ್ಲಿ ಮೊತ್ತಮೊದಲು ಬಿ.ಎ. ತರಗತಿಯ ಮೆಟ್ಟಿಲು ಹತ್ತಿದವರು. ಇಂಗ್ಲಿಷೆಂದರೆ ನಮಗೆ ಅಂಜಿಕೆ. ಶಬ್ದಗಳ ಅರ್ಥ ತಿಳಿಯದಿರುವುದೇ ಇದಕ್ಕೆ ಕಾರಣವೆಂದು ಹಿರಿಯರು ಹೇಳುತ್ತಾರೆ. ನಿಘಂಟು ಕೊಳ್ಳಿರಿ ಎನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಒಂದೊಂದು ಶಬ್ದದ ಅರ್ಥವೂ ಗೊತ್ತಿದ್ದು, ವಾಕ್ಯದ ಅರ್ಥ ಮಾತ್ರ ಕೈಗೆ ಸಿಕ್ಕದೆ ಹೋಗುವ ಅನುಭವ ಸಹಪಾಠಿಗಳಿಗೆಲ್ಲ ಉಂಟು. ತೊಡಕಿರುವುದು ಕರ್ತೃ ಯಾವುದು, ಕರ್ಮ ಯಾವುದು, ಪ್ರಧಾನ ಕ್ರಿಯಾಪದ ಯಾವುದು ಎಂದು ಗುರುತಿಸುವುದರಲ್ಲಿ.

ನಮ್ಮ ಕಡೆಯ ರೇಷ್ಮೆಯ ಮಾತನ್ನೇ ತೆಗೆದುಕೊಳ್ಳೋಣ. "ದಿ ಕಕೂನ್ಸ್ ಬ್ರಾಟ್ ಫ್ರಂ ಕನಕಪುರ ವರ್ ಸೋಲ್ಡ್ ಇನ್ ರಾಮನಗರ." ಓದುವವನು 'ಬ್ರಾಟ್' ಕಂಡೊಡನೆ ಕ್ರಿಯಾಪದ ಸಿಕ್ಕಿತೆಂದು ಹಿಗ್ಗುತ್ತಾನೆ. ಗೂಡುಗಳೇ ಏನನ್ನೋ ಹೊತ್ತು ತಂದವು ಎಂದಾಯಿತು! ಮುಂದೆ 'ವರ್ ಸೋಲ್ಡ್' ಎದುರಾದಾಗ ಕಕ್ಕಾಬಿಕ್ಕಿ. ನಿಜವಾಗಿ 'ಬ್ರಾಟ್' ಇಲ್ಲಿ ಗೂಡಿಗೆ ಅಂಟಿದ ವಿಶೇಷಣ; ಮಾರಾಟವಾದದ್ದೇ ಪ್ರಧಾನ ಕ್ರಿಯೆ.

ಸ್ವಾರಸ್ಯವೇನೆಂದರೆ, ಇದೇ ಆಟವನ್ನು ಕನ್ನಡವೂ ಆಡುತ್ತದೆ. "ಅಪ್ಪ ಗೂಡು ತಂದ" ಎಂದಾಗ 'ತಂದ' ಕ್ರಿಯಾಪದ. "ಅಪ್ಪ ತಂದ ಗೂಡು" ಎಂದಾಗ ಅದೇ ರೂಪ ಕೃದಂತ. ದನ ಕಾಯುವ ಹುಡುಗನೂ ಇದರಲ್ಲಿ ಎಡವುವುದಿಲ್ಲ. 'ತಂದ' ಆದಮೇಲೆ ನಾಮಪದ ಬಂತೆಂದರೆ ಮಾತು ಇನ್ನೂ ಮುಗಿದಿಲ್ಲವೆಂದು ಅವನ ಕಿವಿಗೆ ಗೊತ್ತು. ಈ ವಿದ್ಯೆಯನ್ನು ಇಂಗ್ಲಿಷ್ ತರಗತಿಯ ಬಾಗಿಲಲ್ಲೇ ಕಳಚಿಟ್ಟು ಬನ್ನಿರೆಂದು ನಮಗೆ ಹೇಳುವುದೇಕೆ?

ಭೇದಗಳೂ ಇವೆ. ಹುಲಿಯನ್ನು ರಾಮ ಕೊಂದರೂ ರಾಮ ಹುಲಿಯನ್ನು ಕೊಂದರೂ ನಮ್ಮಲ್ಲಿ ಸಾಯುವುದು ಹುಲಿಯೇ. 'ಅನ್ನು' ಪ್ರತ್ಯಯ ರಾಮನನ್ನು ಕಾಪಾಡುತ್ತದೆ. ಇಂಗ್ಲಿಷಿನಲ್ಲಿ ಇಬ್ಬರ ಸ್ಥಾನ ಬದಲಿಸಿದರೆ ರಾಮನ ಗತಿ ಮುಗಿಯಿತು. ಹಳೆಯ ಇಂಗ್ಲಿಷಿನಲ್ಲಿಯೂ ವಿಭಕ್ತಿಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಅವು ಸವೆದು, ಷಷ್ಠಿಯನ್ನು ಬಿಟ್ಟರೆ ಹಿ–ಹಿಮ್, ಹೂ–ಹೂಮ್ ಮುಂತಾದ ಸರ್ವನಾಮಗಳಲ್ಲಷ್ಟೇ ಉಳಿದಿವೆ. ಅಲ್ಲಿ ಸ್ಥಾನವೇ ವಿಭಕ್ತಿ. ಮೇಲಾಗಿ, ನಾವು ನಾಮಪದದ ಹಿಂದೆ ಕೂರಿಸುವ ಉಪವಾಕ್ಯವನ್ನು ಅವರು ಮುಂದಕ್ಕೆ ಕಟ್ಟುತ್ತಾರೆ. ಕೆಲವೊಮ್ಮೆ ಕಟ್ಟಿದ ಹಗ್ಗವನ್ನೂ ಬಚ್ಚಿಡುತ್ತಾರೆ. "ದಿ ಮ್ಯಾನ್ ಮೈ ಫಾದರ್ ಮೆಟ್ ಸೋಲ್ಡ್ ದಿ ಕೌ." ಹಸು ಮಾರಿದವರು ನಮ್ಮ ತಂದೆಯಲ್ಲ, ತಂದೆ ಕಂಡ ಮನುಷ್ಯ. 'ಹೂಮ್' ಮರೆಯಾಗಿದೆ.

ಈ ಕಷ್ಟ ನಮಗೊಬ್ಬರಿಗೇ ಅಲ್ಲ. ಬಿಡದಿಯಲ್ಲಿ 1997ರಲ್ಲಿ ಸ್ಥಾಪಿತವಾದ ಟೊಯೊಟಾ ಕಿರ್ಲೋಸ್ಕರ್ ಕಂಪನಿಯ ಕಾರ್ಖಾನೆಯಿದೆಯಷ್ಟೆ. ಆ ಕಂಪನಿಯ ಮೂಲದೇಶವಾದ ಜಪಾನಿನ ಭಾಷೆಯಲ್ಲಿಯೂ ಕ್ರಿಯಾಪದ ಕೊನೆಗೇ ಬರುತ್ತದೆ, ಉಪವಾಕ್ಯ ನಾಮಪದದ ಹಿಂದೆಯೇ ನಿಲ್ಲುತ್ತದೆ. ಕರ್ಮವನ್ನು ತೋರಿಸಲು ನಮ್ಮ 'ಅನ್ನು'ವಿನಂತೆ 'ಓ' ಎಂಬ ಅವ್ಯಯವುಂಟು. ಜಪಾನೀ ವಿದ್ಯಾರ್ಥಿಯೂ ನಾವೂ ಇಂಗ್ಲಿಷನ್ನು ಒಂದೇ ದಿಕ್ಕಿನಿಂದ ಹತ್ತುವವರು.

"ಇಂಗ್ಲಿಷಿನಲ್ಲೇ ಯೋಚಿಸಿರಿ, ಕನ್ನಡ ತರಬೇಡಿರಿ" ಎಂಬ ವಾದ ಉಂಟು. ಮನೆಯಲ್ಲಿ ಆ ಭಾಷೆ ಕೇಳಿ ಬೆಳೆದವರಿಗೆ ಅದು ಸರಿಯಿರಬಹುದು. ನಾವಾದರೋ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣದಿಂದ ನೌನ್ ಕ್ಲಾಸ್, ಅಡ್ಜೆಕ್ಟಿವ್ ಕ್ಲಾಸ್ ಎಂಬ ಹೆಸರುಗಳನ್ನು ಉರುಹೊಡೆಯುತ್ತೇವೆ. ಹೆಸರು ಬಂದಿತು, ಗುರುತು ಬರಲಿಲ್ಲ.

ಇದು ಅಂಕಗಳ ಪ್ರಶ್ನೆ ಮಾತ್ರವಲ್ಲ. ಕಳೆದ ವರ್ಷ ನಮ್ಮ ಮನೆಗೆ ಸಾಲದ ಕಾಗದವೊಂದು ಬಂತು. ಐದು ಸಾಲಿಗೆ ಒಂದೇ ವಾಕ್ಯ, 'ಅನ್‌ಲೆಸ್' ಎಂದು ಆರಂಭ. ಬಡ್ಡಿ ಏರಿತೆಂದು ಊರವರು ಅರ್ಥ ಹೇಳಿ, ಹಸು ಮಾರುವ ಮಾತೂ ನಡೆದಿತ್ತು. ನಾನು 'ಶಲ್ ಬಿ' ಎಂಬಲ್ಲಿ ಬೆರಳಿಟ್ಟು ಅದರ ಕರ್ತೃವನ್ನು ಹುಡುಕಿದೆ. ಅನಂತರ ಉಪವಾಕ್ಯವನ್ನು ಬಿಡಿಸಿದೆ. ಗಡುವಿನೊಳಗೆ ಕಂತು ಕಟ್ಟದವರಿಗಷ್ಟೇ ಹೆಚ್ಚು ಬಡ್ಡಿ, ನಾವು ಕಟ್ಟಿದ್ದೆವು. ಹಸು ಕೊಟ್ಟಿಗೆಯಲ್ಲೇ ಇದೆ.

ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ವಾರಕ್ಕೊಂದು ದೀರ್ಘ ವಾಕ್ಯವನ್ನು ಪಠ್ಯದಿಂದಲೇ ಆರಿಸಿ ಕಪ್ಪುಹಲಗೆಯ ಮೇಲೆ ಬರೆಯಿರಿ. ಮೊದಲು ಕ್ರಿಯಾರೂಪಗಳನ್ನೆಲ್ಲ ಎಣಿಸಿ, ಒಂದೊಂದಕ್ಕೂ ಕರ್ತೃ ಯಾರೆಂದು ಕೇಳಿರಿ. ಅದೇ ವಾಕ್ಯವನ್ನು ಪಕ್ಕದಲ್ಲಿ ಕನ್ನಡದಲ್ಲಿ ಕಟ್ಟಿಸಿರಿ. ನಾವು ಮೂವರು ಗೆಳೆಯರು ಶನಿವಾರ ಮಧ್ಯಾಹ್ನ ವಾಚನಾಲಯದ ಪಕ್ಕದ ಕೋಣೆಯಲ್ಲಿ ಹೀಗೆಯೇ ಓದುತ್ತಿದ್ದೇವೆ. ಪ್ರಥಮ ವರ್ಷದ ಮಿತ್ರರು ಬಂದು ಕುಳಿತುಕೊಳ್ಳಬಹುದು. ಸೀಮೆಸುಣ್ಣ ನಾವೇ ತರುತ್ತೇವೆ.